ಏಳು ಅಕ್ಷರದ ಗೋಡೆ

ಜನವರಿ 9, ಸೋಮವಾರ

ಪೇಂಟ್ ಅಂಗಡಿಯವರು ಯಾವತ್ತೋ ಕೊಟ್ಟಿದ್ದ ಡೈರಿ ಇದು. ವರ್ಷ ಹಳೆಯದು, ಇದರಲ್ಲಿ ಅಚ್ಚಾಗಿರುವ ವಾರಕ್ಕೂ ಇವತ್ತಿನ ವಾರಕ್ಕೂ ತಾಳಮೇಳವಿಲ್ಲ. ಹೊಡೆದುಹಾಕಿ ನನ್ನ ವಾರ ಬರೆದುಕೊಂಡಿದ್ದೇನೆ. ಮೂವತ್ತು ವರ್ಷ ಊರಿನವರಿಗೆಲ್ಲ ಬೋರ್ಡು ಬರೆದವನು ನನಗೆಂದು ಒಂದು ಸಾಲು ಬರೆದುಕೊಂಡವನಲ್ಲ. ಈಗ ಬೇಕಾದಷ್ಟು ಪುರುಸೊತ್ತಿದೆ.

ಹಲ್ಲಿನ ಆಸ್ಪತ್ರೆಯ ಬೋರ್ಡು ಬರೆಯುತ್ತ ಏಣಿಯಿಂದ ಬಿದ್ದು ಇವತ್ತಿಗೆ ಹದಿನೆಂಟು ದಿನ. ಬಲತೊಡೆಯ ಮೂಳೆ ಎರಡು ತುಂಡಾಗಿ ಒಳಗೆ ರಾಡು ಕೂರಿಸಿದ್ದಾರೆ. ಮೂರು ತಿಂಗಳು ಕಾಲು ಊರುವ ಹಾಗಿಲ್ಲ. ಮಂಚವನ್ನು ಮುಂದಿನ ಕೋಣೆಗೆ ತಂದು ಹಾಕಿದ್ದಾರೆ. ಕಾಲ ಬುಡಕ್ಕೆ ನಮ್ಮ ಹಳೆಯ ಡಬ್ಬಿ ಟಿವಿ. ಎಡಕ್ಕೆ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಸುಣ್ಣ ಹೊಡೆದ ಬರೀ ಗೋಡೆ, ಒಂದು ಅಕ್ಷರವಿಲ್ಲ. ನನ್ನಂಥವನಿಗೆ ಬರೀ ಗೋಡೆ ತೋರಿಸಿ ಮಲಗಿಸುವುದು ಹಸಿದವನ ಮುಂದೆ ಖಾಲಿ ತಟ್ಟೆ ಇಟ್ಟ ಹಾಗೆ.

ಇವಳು ಎಂಟು ಗಂಟೆಗೆ ಲಾಂಡ್ರಿಗೆ ಹೋಗುತ್ತಾಳೆ. ದಿನವಿಡೀ ನಿಂತು ಇಸ್ತ್ರಿ ಮಾಡುವ ಕೆಲಸ. ಬರುವುದು ಆರಕ್ಕೆ. ನಮಗೆ ಮಕ್ಕಳಿಲ್ಲ. ಹಾಗಾಗಿ ಹಗಲು ನಾನು ಮತ್ತು ಗೋಡೆ.

ಈ ಡೈರಿಯನ್ನು ಬಚ್ಚಿಡುವ ತಾಪತ್ರಯವಿಲ್ಲ. ಸ್ಟೂಲಿನ ಮೇಲೆ ತೆರೆದೇ ಇಡುತ್ತೇನೆ. ಇವಳಿಗೆ ಓದು ಬರುವುದಿಲ್ಲ. ಬೋರ್ಡು ಬರೆಯುವವನ ಹೆಂಡತಿಗೆ ಅಕ್ಷರ ಬಾರದು, ದೀಪದ ಬುಡದಲ್ಲಿ ಕತ್ತಲು ಅಂದ ಹಾಗೆ.

ಜನವರಿ 11, ಬುಧವಾರ

ಎದುರುಮನೆಯ ಪೋಸ್ಟಣ್ಣ ಬಂದಿದ್ದರು. ಅಂಚೆ ಕೆಲಸದಿಂದ ನಿವೃತ್ತರಾಗಿ ಮೂರು ವರ್ಷವಾದರೂ ಬೀದಿಗೆ ಅವರು ಪೋಸ್ಟಣ್ಣನೇ. ಸುದ್ದಿ ಹಂಚುವ ಚಾಳಿಯೂ ಬಿಟ್ಟಿಲ್ಲ.

"ಈಜುಕೊಳದ ಗೋಡೆ ಒಡೀತಾರಂತೆ, ಮುಂದಿನ ತಿಂಗಳ ಕೊನೆಗೆ. ಕೊಳ ಮುಚ್ಚಿ ಐದು ವರ್ಷ ಆಯ್ತಲ್ಲ, ಈಗ ಬೇರೆ ಏನೋ ಕಟ್ತಾರಂತೆ," ಅಂದರು.

ಆ ಗೋಡೆ ನನ್ನದು. ಇಪ್ಪತ್ತೇಳು ವರ್ಷದ ಹಿಂದೆ ಬರೆದದ್ದು. ಏಳು ಅಕ್ಷರ, ಒಂದೊಂದೂ ನನಗಿಂತ ಎತ್ತರ, ನೀಲಿ ಅಕ್ಷರಕ್ಕೆ ಬಿಳಿ ನೆರಳು. "ಆಳವಿದೆ ಎಚ್ಚರ." ಅದಕ್ಕಿಂತ ದೊಡ್ಡದನ್ನು ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಮೂರು ದಿನದ ಕೆಲಸವನ್ನು ಹನ್ನೊಂದು ದಿನ ಎಳೆದಿದ್ದೆ. ಕೊಳದ ಟವೆಲುಗಳನ್ನು ಒಗೆದು, ಗೋಡೆಯ ಮುಂದಿನ ತಂತಿಗೆ ಹರವಲು ದಿನಕ್ಕೆ ಎರಡು ಸಲ ಒಬ್ಬಳು ಬರುತ್ತಿದ್ದಳು, ಅದೇ ಕಾರಣ. ಮರುವರ್ಷ ಅವಳನ್ನೇ ಮದುವೆಯಾದೆ.

ಒಡೆಯುವ ಮೊದಲು ಅದನ್ನೊಮ್ಮೆ ನೋಡಬೇಕು. ಮಧ್ಯಾಹ್ನದಿಂದ ತಲೆಯಲ್ಲಿ ಬೇರೆ ಏನೂ ಇಲ್ಲ. ನಡೆದು ಹೋದರೆ ಹದಿನೈದು ನಿಮಿಷದ ದಾರಿ, ನನಗೀಗ ಸಪ್ತಸಾಗರ.

ಪೋಸ್ಟಣ್ಣನಿಗೆ ಅವರ ಮಗಳು ಡಿಜಿಟಲ್ ಕ್ಯಾಮೆರಾ ಕೊಡಿಸಿದ್ದಾಳೆ. ಅವರ ಕೈ ನಡುಗುತ್ತದೆ, ತೆಗೆದ ಫೋಟೋ ಎಲ್ಲ ಭೂಕಂಪದಲ್ಲಿ ತೆಗೆದ ಹಾಗೆ ಬರುತ್ತವಂತೆ. "ನೀವೇ ಇಟ್ಕೊಳಿ, ನಿಮ್ಮ ಮನೆಯವರು ತೆಗೀಲಿ," ಅಂದರು. ಕ್ಯಾಮೆರಾದ ಬೆನ್ನಿನ ಪರದೆ ಬೆಂಕಿಪೊಟ್ಟಣದಷ್ಟು. ನನ್ನ ಗೋಡೆಯನ್ನು ಬೆಂಕಿಪೊಟ್ಟಣದಲ್ಲಿ ನೋಡಲೇ ಅಂದೆ. "ವೈರ್ ಇದೆ, ಟಿವಿಗೆ ಹಾಕ್ಬಹುದಂತೆ, ನಾನು ಹಾಕಿಲ್ಲ," ಅಂದರು.

ಜನವರಿ 15, ಭಾನುವಾರ

ಎರಡು ದಿನದಿಂದ ಕ್ಯಾಮೆರಾದ ಪುಸ್ತಕ ಓದುತ್ತಿದ್ದೇನೆ. ಇರುವೆ ಸಾಲಿನಂಥ ಅಕ್ಷರ, ಯಾವ ಪುಣ್ಯಾತ್ಮ ಬರೆದನೋ. ಭೂತಗನ್ನಡಿ ಹಿಡಿದು ನಲವತ್ತೆರಡು ಪುಟ ಮುಗಿಸಿದೆ. ವೈರಿನ ಒಂದು ತುದಿ ಕ್ಯಾಮೆರಾಕ್ಕೆ. ಇನ್ನೊಂದು ತುದಿಯಲ್ಲಿ ಎರಡು ಪಿನ್ನು. ಟಿವಿಯ ಪಕ್ಕದಲ್ಲಿ ಮೂರು ತೂತು. ಇವಳನ್ನು ಟಿವಿ ಹತ್ತಿರ ನಿಲ್ಲಿಸಿ ಮಂಚದಿಂದಲೇ ಓದಿ ಹೇಳಿದೆ. ಮೇಲಿನದಕ್ಕೆ ಹಾಕು, ಅಲ್ಲ ಕೆಳಗಿನದಕ್ಕೆ, ಅಲ್ಲ ತಡಿ, ಇದು ಬೇರೆ ಮಾಡೆಲಿನ ಚಿತ್ರ. ಟಿವಿ ಗುಂಯ್ ಎಂದಿತು, ಪರದೆ ನೀಲಿಯಾಗಿಯೇ ನಿಂತಿತು. ನಾನು ರೇಗಿದೆ.

"ರೀ, ಪಿನ್ನು ಹಳದಿ ಇದೆ, ತೂತೂ ಹಳದಿ ಇದೆ. ಹಳದಿಗೆ ಹಳದಿ ಹಾಕ್ಲಾ?" ಅಂದಳು.

ಹಾಕಿದಳು. ರಿಮೋಟಿನ ಗುಂಡಿ ಒತ್ತಿದೆ. ಚಿತ್ರ ಬಂತು. ನಲವತ್ತೆರಡು ಪುಟ ನೀರಲ್ಲಿ ಹೋಮ.

ಬಂತು ಅಂದರೆ ಪೂರ್ತಿ ಬರಲಿಲ್ಲ. ಪರೀಕ್ಷೆಗೆಂದು ನಮ್ಮ ಬಾಗಿಲ ಪಕ್ಕದ ಕೆಂಪು ಬಕೆಟ್ಟಿನ ಫೋಟೋ ತೆಗೆದಿದ್ದಳು. ಟಿವಿಯಲ್ಲಿ ಬಕೆಟ್ಟು ಬೂದಿಬಣ್ಣ, ಮೇಲಿಂದ ಕೆಳಕ್ಕೆ ಉರುಳುತ್ತಲೇ ಇತ್ತು.

ಜನವರಿ 17, ಮಂಗಳವಾರ

ಬೂದಿ ಬಕೆಟ್ಟು ಉರುಳುತ್ತಲೇ ಇದೆ. ಮೂವತ್ತು ವರ್ಷ ಬಣ್ಣ ಕಲಸಿದವನಿಗೆ ಬಣ್ಣವೇ ಕಾಣಬಾರದು ಅಂತ ಯಾರದೋ ಶಾಪ.

ಜನವರಿ 18, ಬುಧವಾರ

ಟಿವಿ ರಿಪೇರಿಯವನು ಫೋನಿನಲ್ಲೇ ಹೇಳಿದ. "ಸಾರ್, ಕ್ಯಾಮೆರಾ ಒಂದು ಭಾಷೆ ಮಾತಾಡ್ತಿದೆ, ನಿಮ್ಮ ಟಿವಿಗೆ ಬರೋದು ಇನ್ನೊಂದು. ಕ್ಯಾಮೆರಾ ಮೆನುನಲ್ಲಿ ವಿಡಿಯೋ ಅಂತ ಇರುತ್ತೆ. ಅಲ್ಲಿ ಎರಡೇ ಇರೋದು. ಈಗ ಯಾವುದಿದೆಯೋ ಅದನ್ನ ಬಿಟ್ಟು ಇನ್ನೊಂದು ಒತ್ತಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅಷ್ಟೇ ವಿಷಯ. ಇನ್ನೊಂದು ಒತ್ತಿದೆ. ಬಕೆಟ್ಟು ನಿಂತಿತು, ಕೆಂಪಾಯಿತು. ಒಂದು ಬಕೆಟ್ಟನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ.

ಗೋಡೆಗೆ ಕೈ ಹಾಕುವ ಮೊದಲು ಊರಿನ ಬೋರ್ಡುಗಳಲ್ಲಿ ಕೈ ಪಳಗಿಸಿಕೊ ಅಂದಿದ್ದೇನೆ ಇವಳಿಗೆ.

ಜನವರಿ 22, ಭಾನುವಾರ

ಲಾಂಡ್ರಿ ದಾರಿಯ ಆರು ಬೋರ್ಡು ತೆಗೆದು ತಂದಳು. ಆರಕ್ಕೆ ಆರೂ ನನ್ನವೇ. ಆ ದಾರಿಯಲ್ಲಿ ಬೇರೆಯವರು ಬರೆದದ್ದೂ ಇವೆ, ಓದು ಬಾರದೆ ಹೇಗೆ ಆರಿಸಿದೆ ಅಂದೆ.

"ನಿಮ್ಮ ಅಕ್ಷರ ಹುಬ್ಬು ಹಾರಿಸ್ತವೆ," ಅಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಲೆಕಟ್ಟಿನ ಬಲತುದಿಯನ್ನು ನಾನು ಒಂದೆಳ್ಳಷ್ಟು ಮೇಲಕ್ಕೆತ್ತಿ ಬಿಡುತ್ತೇನೆ. ಗುರುಗಳು ಬೈದರೂ ಬಿಡದ ಚಟ. ನನ್ನ ಕಸುಬಿನವರೂ ಗಮನಿಸಿದ್ದು ಕಡಿಮೆ. ಇವಳು ಅದನ್ನು ಯಾವಾಗ ನೋಡಿದಳೋ.

ಆದರೆ ಫೋಟೋಗಳು ಕೆಲಸಕ್ಕೆ ಬಾರವು. ಕ್ಯಾಮೆರಾದಲ್ಲಿ ಪೂರ್ತಿ ಇದ್ದದ್ದು ಟಿವಿಗೆ ಬಂದರೆ ನಾಲ್ಕೂ ಅಂಚು ಮಾಯ. ಈ ಹಳೇ ಟಿವಿ ಸುತ್ತಲೂ ಎರಡೆರಡು ಬೆರಳು ನುಂಗುತ್ತದೆ. "ಬೇಕರಿ" ಹೋಗಿ "ಕರಿ" ಆಗಿದೆ. ಕೆಳಗಂತೂ ಒತ್ತುಗಳೆಲ್ಲ ಕತ್ತರಿಸಿ ಹೋಗಿವೆ.

"ಒತ್ತೆಲ್ಲಿ, ಒತ್ತು?" ಅಂದೆ.

"ಒತ್ತು ಅಂದ್ರೆ?"

ಬರೆಯುವಾಗ ಕೈ ಊರಲು ಬಳಸುವ ಉದ್ದದ ಕೋಲೊಂದಿದೆ ನನ್ನ ಹತ್ತಿರ, ತುದಿಗೆ ಬಟ್ಟೆ ಸುತ್ತಿದ್ದು. ಅದನ್ನು ತರಿಸಿ ಮಂಚದಿಂದಲೇ ಟಿವಿ ಮೇಲೆ ತೋರಿಸಿದೆ. ಅಕ್ಷರದ ಕೆಳಗೆ ಜೋತುಬಿದ್ದಿರೋ ಸಣ್ಣದು, ನೋಡು, ಅದಿಲ್ಲದಿದ್ದರೆ "ಅಣ್ಣ" ಹೋಗಿ "ಅಣ" ಆಗುತ್ತೆ.

"ಓ, ಮರಿ. ಮರಿ ಅನ್ನಿ ಮತ್ತೆ," ಅಂದಳು.

ಹಿಂದೆ ಹಿಂದೆ ಸರಿದು ತೆಗಿ ಅಂದಿದ್ದೇನೆ. ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷವೇ ಪ್ರದರ್ಶನ.

ಜನವರಿ 29, ಭಾನುವಾರ

ಹಿಂದೆ ಸರಿದು ಸರಿದು ಈಗ ಬೋರ್ಡಿನ ಜೊತೆ ಬೀದಿಯೂ ಬರುತ್ತಿದೆ. ಚಪ್ಪಲಿ ಹೊಲಿಯುವವನ ಕೊಡೆ, ಯಾರದೋ ಸೈಕಲ್ಲು, ಬಸ್ಸಿಗೆ ಓಡುವ ಕಾಲುಗಳು. ಅಕ್ಷರ ಸಣ್ಣದಾಯಿತು ಅಂತ ಗೊಣಗಿದೆ. ಆದರೂ ಬೀದಿ ನೋಡಿ ಎಷ್ಟು ದಿನವಾಗಿತ್ತು.

ಇವಳ ಪ್ರಶ್ನೆ ಜಾಸ್ತಿಯಾಗಿವೆ. ಇದ್ಯಾಕೆ ಹೀಗೆ ಸುತ್ತಿಕೊಂಡಿದೆ, ಇದೂ ಅದೂ ಒಂದೇ ಅಲ್ವಾ, ಇದಕ್ಕೆ ತಲೆಕಟ್ಟು ಯಾಕಿಲ್ಲ. "ಬ"ಕ್ಕೆ ತಲೆಕಟ್ಟು ಯಾಕಿಲ್ಲ ಅಂದರೆ ನಾನೇನು ಹೇಳಲಿ. ಇಪ್ಪತ್ತು ನಿಮಿಷದಲ್ಲಿ ಹತ್ತು ಅದಕ್ಕೇ ಹೋಗುತ್ತದೆ. ಕೋಲು ಹಿಡಿದು ಹಿಡಿದು ನನ್ನ ರಟ್ಟೆ ನೋವು.

ಕನ್ನಡಕದ ಅಂಗಡಿಯ ಬೋರ್ಡಿನ ಫೋಟೋ ಕೆಟ್ಟಿದೆ. ಕೆಳಗಿನ ಗಾಜಿನ ಬಾಗಿಲಲ್ಲಿ ಇವಳೇ ಬಿದ್ದಿದ್ದಾಳೆ. ಕ್ಯಾಮೆರಾ ಮುಖಕ್ಕೆ ಹಿಡಿದು, ಮೊಣಕೈ ಮೇಲೆತ್ತಿ, ಹೆಗಲಿಗೆ ಊಟದ ಚೀಲ ನೇತುಹಾಕಿಕೊಂಡು, ಒಂದು ಕಾಲು ಚರಂಡಿಯ ಕಲ್ಲಿನ ಮೇಲೆ ಇಟ್ಟು ನಿಂತಿದ್ದಾಳೆ.

"ಅಳಿಸ್ಲಾ ಇದನ್ನ?" ಅಂದಳು.

ಇರಲಿ ಬಿಡು ಅಂದೆ. ಬೋರ್ಡಿನ ಹಳದಿ ಚೆನ್ನಾಗಿ ಬಂದಿದೆ.

ಫೆಬ್ರವರಿ 3, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆವು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಚೆನ್ನಾಗಿ ಕೂಡ್ತಿದೆ ಅಂದರು. ಏಣಿ ಯಾವಾಗ ಹತ್ತಬಹುದು ಅಂದೆ.

"ನಡೀತೀರಿ. ಏಣಿ ಮರ್ತುಬಿಡಿ," ಅಂದರು.

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 5, ಭಾನುವಾರ

ಎರಡು ದಿನ ಟಿವಿ ಬೇಡ ಅಂದಿದ್ದೆ. ಇವತ್ತು ಇವಳು ಕೇಳದೆ ಹಚ್ಚಿದಳು. ಹಲ್ಲಿನ ಆಸ್ಪತ್ರೆಯ ಬೋರ್ಡು. ನನ್ನ ಕೊನೆಯದು. ನೋಡಲು ಇಷ್ಟವಿರಲಿಲ್ಲ, ಆದರೂ ಕಣ್ಣು ಕೇಳಬೇಕಲ್ಲ.

"ಮತ್ತೆ ಕೆಳಗೆ ಕತ್ತರಿಸಿದ್ದೀಯ," ಅಂದೆ. "ಆಸ್ಪತ್ರೆ"ಯ "ತ್ರೆ"ಗೆ ಒತ್ತಿಲ್ಲ.

"ನಾನು ಕತ್ತರಿಸಿಲ್ಲ. ಕೆಳಗೆ ಕಿಟಕಿನೇ ಕಾಣ್ತಿದೆ ನೋಡಿ. ಬೇರೆ ಮರಿಗಳೆಲ್ಲ ಇದಾವೆ. ಇದೊಂದಕ್ಕೆ ಮರಿ ಇಲ್ಲ. ನೀವೇ ಹಾಕಿಲ್ಲ."

ಹೌದು. ಆ ಒತ್ತಿಗೆಂದು ಕುಂಚ ಅದ್ದಿಕೊಂಡು ಪಕ್ಕಕ್ಕೆ ವಾಲಿದಾಗಲೇ ಬಿದ್ದದ್ದು. ಒಂದೂವರೆ ತಿಂಗಳಿಂದ ಊರಿನ ಜನ "ಹಲ್ಲಿನ ಆಸ್ಪತೆ"ಗೆ ಹೋಗುತ್ತಿದ್ದಾರೆ, ಒಬ್ಬರೂ ಹೇಳಲಿಲ್ಲ. ಇವಳಿಗೆ ಕಂಡಿತು. ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ನಗುವಾಗ ತೊಡೆ ನೋಯುತ್ತದೆ.

ಮದುವೆಯಾದ ಹೊಸತರಲ್ಲಿ ಒಮ್ಮೆ ಇವಳು "ನನಗೂ ಓದೋಕೆ ಕಲಿಸ್ತೀರಾ" ಅಂದಿದ್ದಳು. ತಮ್ಮ ತಂಗಿಯರನ್ನು ಎತ್ತಿ ಆಡಿಸುವುದರಲ್ಲಿ ಶಾಲೆ ಕಳೆದುಹೋದವಳು. "ನಾನಿದೀನಲ್ಲ ಓದಿ ಹೇಳೋಕೆ" ಅಂದಿದ್ದೆ. ಪ್ರೀತಿಯಿಂದಲೇ ಅಂದದ್ದು. ಅವಳು ಮತ್ತೆ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ಇವತ್ತು ಯಾಕೋ ನೆನಪಾಯಿತು.

ಫೆಬ್ರವರಿ 8, ಬುಧವಾರ

ಹಗಲು ಸುಮ್ಮನೆ ಕ್ಯಾಮೆರಾ ಹಚ್ಚಿದ್ದೆ. ವೈರು ಹೇಗೂ ಕೂತೇ ಇತ್ತು, ಕೋಲಿನಿಂದ ಟಿವಿಯ ಸ್ವಿಚ್ಚು ಒತ್ತುವುದು ಕಲಿತಿದ್ದೇನೆ. ಕನ್ನಡಕದ ಅಂಗಡಿಯ ಫೋಟೋ ಹಾಕಿ ನೋಡುತ್ತ ಇದ್ದೆ. ಊಟದ ಚೀಲದ ಹಿಡಿಗೆ ಗಂಟು ಹಾಕಿದ್ದಾಳೆ. ಕಿತ್ತುಹೋಗಿರಬೇಕು, ನನಗೆ ಹೇಳಿಲ್ಲ. ಬ್ಯಾಟರಿ ಮುಗಿಯಿತು.

ಸಂಜೆ ಬಂದು ಕ್ಯಾಮೆರಾ ಆನ್ ಆಗದ್ದಕ್ಕೆ, "ಹಗಲೆಲ್ಲ ಏನ್ ನೋಡ್ತಿದ್ರಿ?" ಅಂದಳು.

ಬೋರ್ಡು ಅಂದೆ.

ಫೆಬ್ರವರಿ 12, ಭಾನುವಾರ

ನಾಲ್ಕು ಗಂಟೆಗೆ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಈಜುಕೊಳಕ್ಕೆ ಹೋದಳು. ಐದಕ್ಕೆ ಬರಬೇಕಿತ್ತು. ಐದೂವರೆ. ಆರು. ಮೆಟ್ಟಿಲ ಮೇಲೆ ಯಾರೋ ಹತ್ತಿದರು, ಅವಳ ಹೆಜ್ಜೆಯಲ್ಲ. ಇವಳು ಹತ್ತುವಾಗ ನಾಲ್ಕನೆಯ ಮೆಟ್ಟಿಲಲ್ಲಿ ಒಮ್ಮೆ ನಿಲ್ಲುತ್ತಾಳೆ, ಚೀಲ ಹೆಗಲು ಬದಲಿಸಲು. ಆರೂಕಾಲು. ಮುರಿದ ಕಾಲು ಹೊತ್ತು ಬಿದ್ದಿರುವವನು ಯಾರನ್ನು ಹುಡುಕಿಕೊಂಡು ಹೋಗಲಿ. ಗೋಡೆ ಹಾಳಾಗಿ ಹೋಗಲಿ ಅನ್ನಿಸಿತು.

ಆರೂ ನಲವತ್ತಕ್ಕೆ ನಾಲ್ಕನೆಯ ಮೆಟ್ಟಿಲಲ್ಲಿ ಹೆಜ್ಜೆ ನಿಂತಿತು.

"ಕಾವಲಿನವನು ಒಳಗೆ ಬಿಡಲ್ಲ ಅಂದ. ಕಾದೆ ಕಾದೆ, ಮನಸ್ಸು ಕರಗುತ್ತೇನೋ ಅಂತ. ಕರಗ್ಲಿಲ್ಲ," ಅಂದಳು.

"ಹೋಗ್ಲಿ ಬಿಡು."

"ನಿಮಗೆ ಬೇಡ್ವಾ?"

ಬೇಕು ಅಂದೆ. ಆದರೆ ಹೊತ್ತು ಮುಳುಗುವ ಮೊದಲು ಬಂದುಬಿಡು ಅಂದೆ.

ಫೆಬ್ರವರಿ 16, ಗುರುವಾರ

ಇಸ್ತ್ರಿ ಮಾಡುವಾಗ ಅಂಗಿಯ ಕಾಲರಿನ ಪಟ್ಟಿ ಓದಿದೆ ಅಂದಳು. ಏನಿತ್ತು ಅಂದೆ. "ದರ್ಜಿ ಹೆಸರು" ಅಂದಳು. ಊಹೆ ಮಾಡಿರಬೇಕು, ಕಾಲರಿನಲ್ಲಿ ಇನ್ನೇನಿರುತ್ತದೆ.

ಫೆಬ್ರವರಿ 19, ಭಾನುವಾರ

ಮತ್ತೆ ಹೋದಳು, ಮತ್ತೆ ಅದೇ ಕಾವಲಿನವನು, ಮತ್ತೆ ಇಲ್ಲ. ಇನ್ನು ಒಂದೇ ಭಾನುವಾರ ಉಳಿದಿದೆ. ಮಾರ್ಚ್ ಒಂದಕ್ಕೆ ಯಂತ್ರ ಬರುತ್ತದೆ ಅಂತ ಪೋಸ್ಟಣ್ಣ ದಿನಾಂಕ ಸಮೇತ ತಂದು ಮುಟ್ಟಿಸಿದರು.

ಕಣ್ಣು ಮುಚ್ಚಿ ಗೋಡೆಯನ್ನು ನೆನೆಯಲು ನೋಡುತ್ತೇನೆ. "ಚ್ಚ"ದ ಒತ್ತನ್ನು ಹೇಗೆ ತಿರುಗಿಸಿದ್ದೆ ಅನ್ನುವುದು ಸ್ಪಷ್ಟವಾಗುತ್ತಿಲ್ಲ. ಅದರ ಕೆಳಗೆ ತಂತಿಯ ಮೇಲಿದ್ದ ಟವೆಲುಗಳು ಮಾತ್ರ ಚೆನ್ನಾಗಿ ಕಾಣುತ್ತವೆ. ನೀರು ತೊಟ್ಟಿಕ್ಕುತ್ತಿದ್ದವು. ಟವೆಲಿನ ಹಿಂದಿನಿಂದ ಒಂದು ಕೈ ಬಂದು ಕ್ಲಿಪ್ಪು ಸಿಕ್ಕಿಸುತ್ತಿತ್ತು.

ಫೆಬ್ರವರಿ 26, ಭಾನುವಾರ

ಗೋಡೆ ಸಿಕ್ಕಿತು.

ಇವತ್ತು ಗೇಟಿನಲ್ಲಿ ಬೇರೆ ಕಾವಲಿನವನು, ಹಳಬ. ಇವಳನ್ನು ಎರಡು ಸಲ ದಿಟ್ಟಿಸಿ, "ಟವೆಲಮ್ಮ ಅಲ್ವಾ ನೀವು?" ಅಂದನಂತೆ. ತಾನೇ ಬೀಗ ತೆಗೆದು, ನಡೆಯುವ ದಾರಿಯಲ್ಲಿದ್ದ ಮುಳ್ಳು ಸರಿಸಿ ಕೊಟ್ಟನಂತೆ. ಗೋಡೆ ಉದ್ದ, ಒಂದು ಫೋಟೋದಲ್ಲಿ ಹಿಡಿಯುವುದಿಲ್ಲ. ಅಕ್ಷರಕ್ಕೊಂದರಂತೆ ಏಳು ಫೋಟೋ ತೆಗೆದಿದ್ದಾಳೆ, ಅಂಚು ಬಿಟ್ಟು, ಒತ್ತು ಉಳಿಸಿ. ಹೊತ್ತು ಮುಳುಗುವ ಮೊದಲೇ ಬಂದಳು.

ಕೈಕಾಲು ತೊಳೆದು ಬಂದು ಹಳದಿಗೆ ಹಳದಿ ಹಾಕಿದಳು. ತಾನೇ ತಾನಾಗಿ ಒಂದಾದ ಮೇಲೊಂದು ಬರುವ ಹಾಗೆ ಗುಂಡಿ ಒತ್ತಿದೆ.

ಮೊದಲು ಬಂದದ್ದು "ರ". ಆಮೇಲೆ "ಚ್ಚ". ಆಮೇಲೆ "ಎ". ದೆ, ವಿ, ಳ. ಕೊನೆಗೆ "ಆ".

"ಗೋಡೆನೇ ತಿರುಗಿಸಿ ತಂದಿದ್ದೀಯಲ್ಲ. ಬಾಲದಿಂದ ಯಾಕೆ ಹೊರಟೆ?" ಅಂದೆ.

"ಗೇಟು ಇರೋದು ಆ ಕಡೆ. ಗೇಟಿಂದ ತೆಗೀತಾ ಹೋದೆ. ನನ್ನ ಬಗ್ಗೆ ಬರ್ದಿರೋದು ತಾನೆ, ಯಾವ ಕಡೆಯಿಂದ ಆದ್ರೇನು ಅಂದ್ಕೊಂಡೆ," ಅಂದಳು.

"ನಿನ್ನ ಬಗ್ಗೆನಾ?"

"ನೀವೇ ಹೇಳಿದ್ರಲ್ಲ. ಏಣಿ ಮೇಲಿದ್ರಿ. ಅಷ್ಟು ದೊಡ್ಡದಾಗಿ ಏನ್ ಬರೀತಿದೀರಿ ಅಂತ ಕೇಳ್ದೆ. ನಿನ್ನ ಬಗ್ಗೆನೇ ಅಂದ್ರಿ. ಏನಂತ ಅಂದ್ರೆ, ಮದುವೆ ಆದ್ಮೇಲೆ ಹೇಳ್ತೀನಿ ಅಂದ್ರಿ."

ಅಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ನೀಲಿಯಾಯಿತು. ಅವಳು ಬ್ಯಾಟರಿ ಬಿಚ್ಚಿ ಚಾರ್ಜಿಗಿಟ್ಟು ಅಡುಗೆಮನೆಗೆ ಹೋದಳು.

ನನಗೆ ನೆನಪೇ ಇರಲಿಲ್ಲ. ಏಣಿ ಮೇಲಿನ ಹುಡುಗ ಆಡಿದ ಮಾತು, ಗಾಳಿಗೆ ಹೋಯಿತು ಅಂದುಕೊಂಡಿದ್ದೆ. ಇವಳು ಇಪ್ಪತ್ತೇಳು ವರ್ಷ ಇಟ್ಟುಕೊಂಡಿದ್ದಾಳೆ. ಮದುವೆಯಾದ ಮೇಲೆ ನಾನು ಹೇಳಲಿಲ್ಲ, ಇವಳು ಕೇಳಲೂ ಇಲ್ಲ. ಆ ಬೀದಿಯಲ್ಲಿ ಹೋಗುವಾಗೆಲ್ಲ ಗೇಟಿನಾಚೆಯ ಗೋಡೆ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಳೇ ಕೆಲಸದ ಜಾಗ ಅಂತ ನೋಡುತ್ತಾಳೆ ಅಂದುಕೊಂಡಿದ್ದೆ.

ಫೆಬ್ರವರಿ 27, ಸೋಮವಾರ

ಹಗಲೆಲ್ಲ ಲೆಕ್ಕ ಹಾಕಿದೆ. "ಆ" ಇವಳಿಗೆ ಗೊತ್ತು, "ಆಸ್ಪತ್ರೆ"ಯಲ್ಲಿತ್ತು. "ಳ" ಬಳೆ ಅಂಗಡಿಯಲ್ಲಿತ್ತು. "ರ" ಬೇಕಾದಷ್ಟು ಕಡೆ ಬಂದಿದೆ. ವ, ದ, ಎ, ಚ, ಗುಡಿಸು, ಎಲ್ಲವನ್ನೂ ಈ ಕೋಲಿನಿಂದ ನಾನೇ ತೋರಿಸಿದ್ದೇನೆ. ಏಳಕ್ಕೆ ಏಳೂ ಗೊತ್ತು. ಬೋರ್ಡು ತಪ್ಪಾಯಿತು ಅಂತ ಬೈಯುತ್ತ ಬೈಯುತ್ತ ಕಲಿಸಿಬಿಟ್ಟಿದ್ದೇನೆ, ನನಗೇ ತಿಳಿಯದೆ. ಕಾಲರಿನ ಪಟ್ಟಿಯನ್ನು ಅವಳು ಓದಿಯೇ ಇದ್ದಳು.

ಸರಿಯಾದ ಕಡೆಯಿಂದ ತೋರಿಸಿದರೆ ಓದುತ್ತಾಳೆ. ಓದಿದರೆ, ತನ್ನ ಬಗ್ಗೆ ಅಂದುಕೊಂಡದ್ದು ಈಜು ಬಾರದವರಿಗೆ ಹಾಕಿದ ಎಚ್ಚರಿಕೆ ಅಂತ ತಿಳಿಯುತ್ತದೆ. ಗೋಡೆ ನೋಡಬೇಕೆಂದು ಏಳು ವಾರ ಬಾಯಿ ಬಿಟ್ಟವನಿಗೆ ಈಗ ಗೋಡೆ ಬೇಡವಾಗಿದೆ.

ಸಂಜೆ ಬಂದಾಗ, ವೈರು ಕೆಟ್ಟಿದೆ, ಚಿತ್ರ ಬರುತ್ತಿಲ್ಲ ಅಂದೆ. ಅವಳು ಟಿವಿ ಪಕ್ಕ ಬಗ್ಗಿ ನೋಡಿದಳು. ಹಳದಿ ಪಿನ್ನು ಬಿಳಿ ತೂತಿನಲ್ಲಿತ್ತು. ಕೋಲಿನಿಂದ ಮಂಚದ ಮೇಲಿಂದ ಅದನ್ನು ಮಾಡಲು ನನಗೆ ಅರ್ಧ ಗಂಟೆ ಹಿಡಿದಿತ್ತು.

ಪಿನ್ನನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಇವತ್ತು ಸುಸ್ತಾಗಿದೆ, ನಾಳೆ ನೋಡೋಣ," ಅಂದಳು.

ಫೆಬ್ರವರಿ 28, ಮಂಗಳವಾರ

ಇವತ್ತು ಐದೂವರೆಗೇ ಬಂದಳು, ಕೇಳಿಕೊಂಡು ಬೇಗ ಹೊರಟೆ ಅಂದಳು. ನಾಳೆ ಯಂತ್ರ ಬರುತ್ತದೆ. ಅವಳೇ ಹಳದಿಗೆ ಹಳದಿ ಹಾಕಿ, ಮಂಚದ ಅಂಚಿಗೆ ಕೂತು, ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಕೊನೇದರಿಂದ ಹಿಂದಕ್ಕೆ ಒತ್ತುತಾ ಬನ್ನಿ," ಅಂದಳು.

ಒತ್ತಿದೆ.

ನೀಲಿ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಬುಡದಲ್ಲಿ ಹುಲ್ಲು ಬೆಳೆದಿದೆ. ಆದರೆ ಗೆರೆ ಅಲ್ಲಾಡಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೆ. ಆ ಕೈ ಇನ್ನೊಮ್ಮೆ ಬೇಕು, ಆ ಏಣಿ ಬೇಕು, ಆ ಬಿಸಿಲು ಬೇಕು ಅಂತ ಹೊಟ್ಟೆಯೊಳಗಿಂದ ಆಸೆ ಎದ್ದು ಬಂತು. ಎರಡನೆಯ ಫೋಟೋ ಹೊತ್ತಿಗೆ ನಾನು ಗೋಡೆ ನೋಡುವುದು ಬಿಟ್ಟಿದ್ದೆ. ಇವಳ ಬಾಯಿ ನೋಡುತ್ತಿದ್ದೆ.

"ಆ," ಅಂದಳು, ಕೋಲು ಪರದೆಗೆ ಮುಟ್ಟಿಸಿ. "ಳ. ಬಳೆಯಂಗಡಿದು. ವ, ಮೇಲೆ ಗುಡಿಸು, ವಿ. ದೆ." ನಿಲ್ಲಿಸಿ ನಾಲ್ಕನ್ನೂ ತುಟಿಯಲ್ಲೇ ಕೂಡಿಸಿಕೊಂಡಳು. "ಎ. ಇದು ಚ, ಕೆಳಗೆ ಮರಿ, ಮರಿನೂ ಚ. ರ."

ಕೋಲು ತೊಡೆಯ ಮೇಲೆ ಇಳಿಯಿತು.

"ಆಳವಿದೆ ಎಚ್ಚರ," ಅಂದಳು.

ಮೂವತ್ತು ವರ್ಷದಲ್ಲಿ ನಾನು ಬರೆದದ್ದನ್ನು ಇವಳು ಓದಿದ್ದು ಇದೇ ಮೊದಲು.

"ಅದು, ಕೊಳದವರು ಹೇಳಿ ಬರೆಸಿದ್ದು. ನಾನು ಅವತ್ತು ಏನೋ ತಮಾಷೆಗೆ..."

"ಗೊತ್ತಾಯ್ತು ಬಿಡಿ."

ಇಸ್ತ್ರಿ ಸುಟ್ಟು ಕಲೆಯಾದ ಹೆಬ್ಬೆರಳಿನಿಂದ ಕೋಲಿನ ತುದಿಯ ಬಟ್ಟೆ ಸರಿಮಾಡುತ್ತ ಕೂತಳು. ನಾನು ಕ್ಷಮಿಸು ಅನ್ನಬೇಕೆಂದು ಬಾಯಿ ತೆರೆದೆ.

"ಸರಿಯಾಗೇ ಬರ್ದಿದೀರಲ್ಲ," ಅಂದಳು. "ನನ್ನ ಬಗ್ಗೆನೇ."

ಪರದೆಯಲ್ಲಿ "ರ" ಹುಬ್ಬು ಹಾರಿಸಿಕೊಂಡು ನಿಂತಿತ್ತು. ಇವಳದೂ ಹಾಗೇ ಇತ್ತು.

"ಇನ್ನೊಂದ್ಸಲ ಮೊದಲಿಂದ ಹಾಕಿ," ಅಂದಳು. ಬ್ಯಾಟರಿ ಮುಗಿಯುವವರೆಗೆ ಹಾಕಿದೆ. ನಾಲ್ಕನೆಯ ಸಲ ಅವಳು ಕೋಲಿಲ್ಲದೆ ಓದಿದಳು.

ಈಗ ಅಡುಗೆಮನೆಯಲ್ಲಿದ್ದಾಳೆ. ಇಲ್ಲಿಂದ ಹತ್ತು ಹೆಜ್ಜೆ. ಪಾತ್ರೆಯ ಸದ್ದು ಕೇಳಿಸುತ್ತಿದೆ, ಆದರೂ ಯಾವಾಗ ಬರುತ್ತಾಳೋ ಅನ್ನಿಸುತ್ತಿದೆ.

ಈ ಡೈರಿಗೆ ಇನ್ನು ಜಾಗ ಹುಡುಕಬೇಕು. ಹಾಸಿಗೆ ಕೆಳಗೆ ತಳ್ಳೋಣ ಅಂದುಕೊಂಡು ಒಮ್ಮೆ ತಳ್ಳಿದೆ, ಮತ್ತೆ ಎಳೆದುಕೊಂಡೆ. ಸ್ಟೂಲಿನ ಮೇಲೆಯೇ ತೆರೆದಿಡುತ್ತೇನೆ. ಈ ಪುಟದಲ್ಲಿ ಅಕ್ಷರವನ್ನು ಸ್ವಲ್ಪ ದೊಡ್ಡದಾಗಿ ಬರೆದಿದ್ದೇನೆ. ಒತ್ತುಗಳನ್ನೆಲ್ಲ ಬಿಡಿಸಿ ಬರೆದಿದ್ದೇನೆ.